ಇಎಸ್‌ಐ ಗಾಯದ ಭತ್ಯೆ ಅರ್ಧಕ್ಕೇ ನಿಂತರೆ: ಯಾರನ್ನು ಕೇಳಬೇಕು, ಏನು ಬರೆದು ಕೊಡಬೇಕು

ಪ್ರೆಸ್ಸಿನಲ್ಲಿ ಬೆರಳು ಸಿಕ್ಕಿಕೊಂಡೋ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡೋ ಮನೆಯಲ್ಲಿ ಕೂತಿದ್ದೀರಿ. ಇಎಸ್‌ಐನಿಂದ, ಅಂದರೆ ಕಾರ್ಮಿಕ ರಾಜ್ಯ ವಿಮಾ ನಿಗಮದಿಂದ, ಎರಡು ಕಂತು ಬ್ಯಾಂಕಿಗೆ ಬಂತು, ಮೂರನೆಯದು ಬರಲಿಲ್ಲ. ಬ್ರಾಂಚ್ ಆಫೀಸಿನಲ್ಲಿ ಕೇಳಿದರೆ ‘ಡಾಕ್ಟರ್ ಸರ್ಟಿಫಿಕೇಟ್ ಸರಿಯಿಲ್ಲ’ ಎನ್ನುತ್ತಾರೆ, ಡಿಸ್ಪೆನ್ಸರಿಯಲ್ಲಿ ‘ಅದು ಆಫೀಸಿನವರ ಕೆಲಸ’ ಎನ್ನುತ್ತಾರೆ, ಎಚ್‌ಆರ್ ‘ನಮ್ಮ ಕಡೆಯಿಂದ ಎಲ್ಲ ಕಳಿಸಿದ್ದೇವೆ’ ಎಂದು ಕೈತೊಳೆದುಕೊಳ್ಳುತ್ತದೆ. ಹೀಗೆ ಮೂರು ಕಡೆ ಅಲೆಯುವುದರಲ್ಲೇ ತಿಂಗಳುಗಳು ಕಳೆಯುತ್ತವೆ.

ಜಗಳ ಶುರುಮಾಡುವ ಮೊದಲು ತಿಳಿಯಬೇಕಾದದ್ದು ಒಂದೇ: ಹಣ ನಿಲ್ಲಿಸಿದ್ದು ಯಾರು, ಯಾವ ಕಾಗದ ನೋಡಿ? ಡಾಕ್ಟರ ಅಭಿಪ್ರಾಯದ ಮೇಲೆ ನಿಂತದ್ದಕ್ಕೆ ಒಂದು ದಾರಿ, ಕಂಪನಿಯ ವರದಿಯ ಮೇಲೆ ನಿಂತದ್ದಕ್ಕೆ ಇನ್ನೊಂದು, ಬ್ಯಾಂಕ್ ಖಾತೆಯ ತಪ್ಪಿಗೆ ಮತ್ತೊಂದು. ಐಎಫ್‌ಎಸ್‌ಸಿ ಕೋಡ್ ತಪ್ಪಾಗಿರುವುದಕ್ಕೆ ಕೋರ್ಟಿಗೆ ಹೋಗುವವರೂ ಇದ್ದಾರೆ, ಕೋರ್ಟಿಗೆ ಹೋಗಬೇಕಾದ ವಿಷಯಕ್ಕೆ ವರ್ಷಗಟ್ಟಲೆ ಬ್ರಾಂಚ್ ಮ್ಯಾನೇಜರ್ ಎದುರು ಕೈಕಟ್ಟಿ ನಿಲ್ಲುವವರೂ ಇದ್ದಾರೆ.

ಮೊದಲು ನಿಮ್ಮ ಹಕ್ಕಿನ ಲೆಕ್ಕ

ಉದ್ಯೋಗ ಗಾಯದಿಂದ ಕೆಲಸ ಮಾಡಲಾಗದ ದಿನಗಳಿಗೆ ಸಿಗುವುದು ತಾತ್ಕಾಲಿಕ ಅಂಗವಿಕಲತೆ ಭತ್ಯೆ. ಆಫೀಸಿನ ಭಾಷೆಯಲ್ಲಿ ಟಿಡಿಬಿ. ಸರಾಸರಿ ದಿನಗೂಲಿಯ 90%. ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸಕ್ಕೆ ಆಗದಿದ್ದರೆ ಸಾಕು, ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಬರುತ್ತದೆ. ಎಷ್ಟು ದಿನ ಎಂಬ ಮಿತಿಯೂ ಇಲ್ಲ, ಅಶಕ್ತತೆ ಇರುವವರೆಗೂ ಬರಬೇಕು. ಕಾಯಿಲೆ ಭತ್ಯೆ ಬೇರೆ. ಅದು 70%, ವರ್ಷಕ್ಕೆ 91 ದಿನ, ವಂತಿಗೆಯ ಷರತ್ತೂ ಇದೆ.

ಈ ಎರಡನ್ನು ಬೆರೆಸಿ ಕೊಡುವುದೂ ಒಂದು ಬಗೆಯ ಕಡಿತವೇ. ದಿನಗೂಲಿ ₹600 ಇರುವವರಿಗೆ ಟಿಡಿಬಿ ದಿನಕ್ಕೆ ₹540, ಕಾಯಿಲೆ ಭತ್ಯೆ ₹420. ಕಾಲು ಮುರಿದು 42 ದಿನ ಮಲಗಿದರೆ ₹22,680ರ ಜಾಗದಲ್ಲಿ ₹17,640 ಬಂದಿರುತ್ತದೆ, ₹5,040 ಖೋತಾ. ಪಾಸ್‌ಬುಕ್ ತೆಗೆದು ಬಂದ ಮೊತ್ತವನ್ನು ದಿನಗಳಿಂದ ಭಾಗಿಸಿ ನೋಡಿ. ದರ 70%ರ ಹತ್ತಿರ ಇದ್ದರೆ ನಿಮ್ಮ ಅಪಘಾತವನ್ನು ನಿಗಮ ಇನ್ನೂ ಉದ್ಯೋಗ ಗಾಯ ಎಂದು ಒಪ್ಪಿಲ್ಲ ಎಂದರ್ಥ. ಒಪ್ಪಿದ ಮೇಲೆ ವ್ಯತ್ಯಾಸದ ಹಣವನ್ನು ಕೇಳಿ ಪಡೆಯಬೇಕು.

ಎಲ್ಲಿ ನಿಂತಿದೆ ಎಂದು ಹುಡುಕುವುದು

ಸರ್ಟಿಫಿಕೇಟಿನ ನಡುವೆ ಬಿಟ್ಟುಹೋದ ದಿನಗಳು. ನಾವು ನೋಡುವುದರಲ್ಲಿ ಇದೇ ಹೆಚ್ಚು. ಇಎಸ್‌ಐ ಡಾಕ್ಟರ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ವಾರದ ಮಟ್ಟಿಗೆ ಮಾತ್ರ ಪ್ರಮಾಣಪತ್ರ ಕೊಡುತ್ತಾರೆ. ದೀರ್ಘಕಾಲದ ಪ್ರಕರಣಗಳಲ್ಲಿ ನಾಲ್ಕು ವಾರದವರೆಗಿನ ವಿಶೇಷ ಪ್ರಮಾಣಪತ್ರ ಕೊಡಬಹುದು. ಒಂದು ಮುಗಿಯುವ ದಿನಕ್ಕೂ ಇನ್ನೊಂದು ಶುರುವಾಗುವ ದಿನಕ್ಕೂ ನಡುವೆ ಎರಡು ದಿನ ಬಿಟ್ಟಿದ್ದರೆ ಆ ಎರಡು ದಿನಕ್ಕೆ ಹಣವಿಲ್ಲ, ಕೆಲವೊಮ್ಮೆ ಮುಂದಿನ ಬಿಲ್ಲೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಲ್ಲ ಪ್ರಮಾಣಪತ್ರಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ‘ಇಂದ–ವರೆಗೆ’ ದಿನಾಂಕಗಳನ್ನು ಒಂದು ಹಾಳೆಗೆ ಇಳಿಸಿ. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ. ಆ ದಿನಗಳಲ್ಲಿ ಖಾಸಗಿ ಆಸ್ಪತ್ರೆಯಲ್ಲಿದ್ದರೆ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಬಿಲ್ಲುಗಳನ್ನು ಸೇರಿಸಿ, ‘ಬೇರೆ ಪುರಾವೆ’ಯಾಗಿ ಸ್ವೀಕರಿಸಿ ಎಂದು ಬರೆದು ಕೊಡಿ. ಹಾಗೆ ಸ್ವೀಕರಿಸುವ ಅಧಿಕಾರ ನಿಗಮಕ್ಕೆ ನಿಯಮಾವಳಿಯಲ್ಲೇ ಇದೆ.

ಅಂತಿಮ ಪ್ರಮಾಣಪತ್ರ. ಡಾಕ್ಟರ್ ‘ಫಿಟ್’ ಎಂದು ಬರೆದ ದಿನಕ್ಕೆ ಟಿಡಿಬಿ ಮುಗಿಯುತ್ತದೆ. ಇದನ್ನು ಎದುರಿಸುವ ರೀತಿಯೇ ಬೇರೆ, ಮುಂದೆ ಹೇಳಿದ್ದೇವೆ.

ಕಂಪನಿಯ ಕಾಗದಗಳು. ಅಪಘಾತದ ವರದಿ ಫಾರಂ 12ರಲ್ಲಿ ಹೋಗಬೇಕು, ಕಂಪನಿಯ ಅಪಘಾತ ಪುಸ್ತಕದಲ್ಲೂ ದಾಖಲಾಗಬೇಕು. ಅದರಲ್ಲಿ ಸಮಯ, ಜಾಗ, ಸಾಕ್ಷಿಯ ಹೆಸರು ನಿಮ್ಮ ಆಸ್ಪತ್ರೆ ಚೀಟಿಗೆ ಹೊಂದಬೇಕು. ಆಸ್ಪತ್ರೆ ಚೀಟಿಯಲ್ಲಿ ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಬರೆಸಿದ್ದರೆ (ಸೂಪರ್‌ವೈಸರ್ ಹೇಳಿಕೊಟ್ಟು ಹಾಗೆ ಬರೆಸುವುದು ಹೊಸದೇನಲ್ಲ) ಅದೇ ಕಾಗದ ಮುಂದೆ ನಿಮಗೆ ಮುಳುವಾಗುತ್ತದೆ. ಇನ್ನೊಂದು, ಗೈರುಹಾಜರಿ ಪರಿಶೀಲನೆಯ ಫಾರಂ 10. ನೀವು ಕೆಲಸಕ್ಕೆ ಬಂದಿಲ್ಲ, ಆ ದಿನಗಳಿಗೆ ಸಂಬಳ ಕೊಟ್ಟಿಲ್ಲ ಎಂದು ಕಂಪನಿ ಇದರಲ್ಲಿ ತಿಳಿಸುತ್ತದೆ. ಗುತ್ತಿಗೆದಾರರ ಕಡೆಯ ಗುಮಾಸ್ತ ಹಿಂದಿನ ತಿಂಗಳ ಹಾಜರಿ ಪಟ್ಟಿಯನ್ನೇ ನಕಲು ಮಾಡಿ ಕಳಿಸಿದರೆ, ಹಾಸಿಗೆಯಲ್ಲಿದ್ದ ನೀವು ದಾಖಲೆಯಲ್ಲಿ ಕೆಲಸಕ್ಕೆ ಬಂದಿರುತ್ತೀರಿ! ‘ಪಾಪ, ಸಂಬಳ ಹೋಗದಿರಲಿ’ ಎಂದು ಎಚ್‌ಆರ್ ಗಳಿಕೆ ರಜೆ ಹಾಕಿದ್ದರೂ ಅದೇ ತೊಂದರೆ. ಸಂಬಳ ಅಥವಾ ರಜೆ ವೇತನ ಪಡೆದ ದಿನಕ್ಕೆ ಭತ್ಯೆ ಇಲ್ಲ ಎನ್ನುತ್ತದೆ ಇಎಸ್‌ಐ ಕಾಯಿದೆಯ ಸೆಕ್ಷನ್ 63.

ಮೆಡಿಕಲ್ ರೆಫರಿ. ರಜೆ ಉದ್ದವಾದರೆ ನಿಗಮ ನಿಮ್ಮನ್ನು ತನ್ನ ಬೇರೊಬ್ಬ ವೈದ್ಯರ ಬಳಿ ಕಳಿಸುತ್ತದೆ. ಕರೆದ ದಿನ ಹೋಗದಿದ್ದರೆ ಹಣ ನಿಲ್ಲುತ್ತದೆ, ಅವರು ‘ಕೆಲಸಕ್ಕೆ ಯೋಗ್ಯ’ ಎಂದರೂ ನಿಲ್ಲುತ್ತದೆ. ಪತ್ರ ತಡವಾಗಿ ಬಂದಿದ್ದರೆ ಲಕೋಟೆ ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯ ದಿನಾಂಕವೇ ನಿಮ್ಮ ಸಾಕ್ಷಿ.

ಊರಿಗೆ ಹೋದದ್ದು. ಸೆಕ್ಷನ್ 64ರ ಪ್ರಕಾರ ಭತ್ಯೆ ಪಡೆಯುವವರು ಇಎಸ್‌ಐ ವೈದ್ಯಕೀಯ ನಿಗಾದಲ್ಲಿರಬೇಕು, ಗುಣವಾಗುವುದಕ್ಕೆ ಅಡ್ಡಿಯಾಗುವಂಥದ್ದು ಮಾಡಬಾರದು, ಡಾಕ್ಟರ ಅನುಮತಿ ಇಲ್ಲದೆ ಆ ಪ್ರದೇಶ ಬಿಟ್ಟು ಹೋಗಬಾರದು, ಕರೆದಾಗ ಪರೀಕ್ಷೆಗೆ ಒಳಗಾಗಬೇಕು. ಪೀಣ್ಯದಲ್ಲಿ ಒಂಟಿಯಾಗಿ ಶೀಟ್ ಮನೆಯಲ್ಲಿರುವ ಹುಡುಗ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ರಾಯಚೂರಿನ ಊರಿಗೆ ಹೋಗದೆ ಇನ್ನೇನು ಮಾಡಿಯಾನು? ಅನ್ನ ಬೇಯಿಸಿಕೊಡುವವರು ಅಲ್ಲಿರುವುದು. ಕಾನೂನು ಅದನ್ನು ತಡೆಯುವುದಿಲ್ಲ, ಕೇಳಿ ಹೋಗು ಎನ್ನುತ್ತದೆ ಅಷ್ಟೆ. ಹೊರಡುವ ಮೊದಲು ಡಿಸ್ಪೆನ್ಸರಿ ಡಾಕ್ಟರಿಂದ ಚೀಟಿಯ ಮೇಲೆ ಅನುಮತಿ ಬರೆಸಿಕೊಳ್ಳಿ, ಊರಿನ ಹತ್ತಿರದ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ತೋರಿಸಿಕೊಳ್ಳುತ್ತಾ ಇರಿ. ಹೇಳದೆ ಹೋಗಿಬಿಟ್ಟಿದ್ದರೆ ಸುಳ್ಳು ಹೇಳುವುದಕ್ಕಿಂತ, ಅಲ್ಲಿ ಪಡೆದ ಚಿಕಿತ್ಸೆಯ ಕಾಗದಗಳೊಂದಿಗೆ ಕಾರಣ ಬರೆದು ಕೊಡುವುದು ಮೇಲು.

ಬ್ಯಾಂಕ್ ಖಾತೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು 2017ರಿಂದ 2020ರ ನಡುವೆ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು, ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾದವು. ಹಳೆಯ ಐಎಫ್‌ಎಸ್‌ಸಿ ಇಟ್ಟುಕೊಂಡಿದ್ದರೆ ಹಣ ವಾಪಸು ಹೋಗುತ್ತದೆ. ಆಧಾರ್‌ನಲ್ಲೂ ವಿಮಾ ದಾಖಲೆಯಲ್ಲೂ ಹೆಸರಿನ ಇನಿಷಿಯಲ್ ಬೇರೆಯಾಗಿದ್ದರೂ ತೊಡಕೇ. ಹೊಸ ಪಾಸ್‌ಬುಕ್ಕಿನ ಮೊದಲ ಪುಟ, ರದ್ದು ಮಾಡಿದ ಚೆಕ್ ಕೊಟ್ಟರೆ ಈ ಕಥೆ ಅಲ್ಲಿಗೆ ಮುಗಿಯಿತು.

ಕೊನೆಯದಾಗಿ, ಭತ್ಯೆ ಪಡೆಯುತ್ತಲೇ ಬೇರೆಲ್ಲೋ ದುಡಿದಿದ್ದರೆ ಅದು ಬೇರೆ ಮಾತು. ಪಡೆದ ಹಣ ವಾಪಸು ಕಟ್ಟಬೇಕು, ಸುಳ್ಳು ಹೇಳಿಕೆಗೆ ಸೆಕ್ಷನ್ 84ರಡಿ ಕ್ರಿಮಿನಲ್ ಮೊಕದ್ದಮೆಯೂ ಆಗಬಹುದು. ಅಂಥ ಪ್ರಕರಣವಾದರೆ ಮುಂದಿನ ಯಾವ ಅರ್ಜಿಯನ್ನೂ ವಕೀಲರಿಗೆ ತೋರಿಸದೆ ಬರೆಯಬೇಡಿ.

ಬಾಯಿಮಾತು ಬಿಡಿ, ಕಾರಣವನ್ನು ಬರಹದಲ್ಲಿ ಕೇಳಿ

ಕೌಂಟರಿನಲ್ಲಿ ಕೇಳಿದ ಉತ್ತರವನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಲು ಬರುವುದಿಲ್ಲ. ಆದ್ದರಿಂದ ಮೊದಲ ಅರ್ಜಿ ‘ಹಣ ಕೊಡಿ’ ಎಂಬುದಕ್ಕಿಂತ ‘ಯಾಕೆ ಕೊಟ್ಟಿಲ್ಲ ಎಂದು ಬರೆದು ಕೊಡಿ’ ಎಂದು ಇರಲಿ. ಒಂದು ಪುಟ ಮೀರಬಾರದು. ಹೀಗೆ:

“ಶಾಖಾ ವ್ಯವಸ್ಥಾಪಕರಿಗೆ, ಕಾರ್ಮಿಕ ರಾಜ್ಯ ವಿಮಾ ನಿಗಮ.
ವಿಷಯ: ಉದ್ಯೋಗ ಗಾಯದ ತಾತ್ಕಾಲಿಕ ಅಂಗವಿಕಲತೆ ಭತ್ಯೆ ನಿಂತಿರುವ ಬಗ್ಗೆ.
ನನ್ನ ವಿಮಾ ಸಂಖ್ಯೆ ______. ದಿನಾಂಕ ______ರಂದು ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ಎರಡನೇ ಪಾಳಿಯಲ್ಲಿ ಕೆಲಸ ಮಾಡುತ್ತಿರುವಾಗ ಬಲಗೈ ತೋರುಬೆರಳಿಗೆ ಗಾಯವಾಯಿತು. ______ರವರೆಗೆ ಭತ್ಯೆ ಬಂದಿದೆ. ______ರಿಂದ ______ರವರೆಗಿನ ಪ್ರಮಾಣಪತ್ರ ಹಾಗೂ ಫಾರಂ 9 (ಭತ್ಯೆಯ ಕ್ಲೇಮು ಅರ್ಜಿ) ಕೊಟ್ಟಿದ್ದರೂ ಹಣ ಬಂದಿಲ್ಲ. ಯಾವ ದಿನಾಂಕದಿಂದ, ಯಾವ ಕಾರಣಕ್ಕೆ, ಯಾರ ವರದಿಯ ಮೇಲೆ ತಡೆಹಿಡಿಯಲಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು, ಆ ವರದಿಯ ಪ್ರತಿ ಕೊಡಬೇಕು. ನನ್ನಿಂದ ಬೇಕಾದ ದಾಖಲೆ ಯಾವುದಾದರೂ ಇದ್ದರೆ ಅದನ್ನೂ ತಿಳಿಸಬೇಕೆಂದು ಕೋರುತ್ತೇನೆ.”

ಎರಡು ಪ್ರತಿ ಮಾಡಿ. ಒಂದರ ಮೇಲೆ ಕಚೇರಿಯ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡು ತನ್ನಿ. ಹಾಕುವುದಿಲ್ಲ ಎಂದರೆ ವಾದ ಮಾಡದೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಮೂಲ ಪ್ರಮಾಣಪತ್ರ ಕೊಡುವ ಮೊದಲು ಎರಡೂ ಬದಿ ಫೋಟೊ ತೆಗೆದುಕೊಳ್ಳಿ. ಟಿಡಿಬಿಯ ಮೊದಲ ಪಾವತಿ, ಕ್ಲೇಮು ದಾಖಲೆ ಸಮೇತ ಸಲ್ಲಿಕೆಯಾದ ಒಂದು ತಿಂಗಳೊಳಗೆ ಆಗಬೇಕೆಂದು ನಿಯಮಾವಳಿ ಹೇಳುತ್ತದೆ, ಆ ಮಾತನ್ನೂ ಪತ್ರದಲ್ಲಿ ಸೇರಿಸಬಹುದು.

ಉತ್ತರ ಬಾರದಿದ್ದರೆ ಅದೇ ಪತ್ರದ ಪ್ರತಿಯೊಂದಿಗೆ ಪ್ರಾದೇಶಿಕ ಅಥವಾ ಉಪಪ್ರಾದೇಶಿಕ ಕಚೇರಿಗೆ ಬರೆಯಿರಿ. ‘ಸುವಿಧಾ ಸಮಾಗಮ’ ಎಂಬ ಕುಂದುಕೊರತೆ ಸಭೆಯಲ್ಲೂ ಹಾಜರಾಗಿ ಹೇಳಿಕೊಳ್ಳಬಹುದು. ಜೊತೆಜೊತೆಗೇ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನಿಗಮ ಕೇಂದ್ರ ಸರ್ಕಾರದ ಸಂಸ್ಥೆ, ಶುಲ್ಕ ₹10, ಉತ್ತರಕ್ಕೆ 30 ದಿನ. ಕೇಳಬೇಕಾದದ್ದು ನಾಲ್ಕೇ: ಅಪಘಾತದ ತನಿಖಾ ವರದಿ, ಕಂಪನಿ ಕಳಿಸಿದ ಫಾರಂ 10 ಮತ್ತು 12, ಮೆಡಿಕಲ್ ರೆಫರಿಯ ಅಭಿಪ್ರಾಯ, ನಿಮ್ಮ ಹೆಸರಿನಲ್ಲಿ ಆದ ಪಾವತಿಗಳ ವಿವರ. ಕಂಪನಿ ಏನು ಬರೆದಿದೆ ಎಂಬುದು ಬಹಳ ಜನರಿಗೆ ಮೊದಲ ಸಲ ಗೊತ್ತಾಗುವುದು ಇಲ್ಲಿಯೇ.

ಕಂಪನಿಯ ವರದಿಯೇ ತಪ್ಪಾಗಿದ್ದರೆ ಅದಕ್ಕೆ ಎದುರಾಗಿ ಇಡಬೇಕಾದದ್ದು: ಆ ತಿಂಗಳ ಪೇ ಸ್ಲಿಪ್, ಸಂಬಳ ಬಂದಿಲ್ಲವೆಂದು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್, ಪಕ್ಕದ ಮಿಷನ್ನಿನವರ ಹೇಳಿಕೆ, ಅಪಘಾತದ ದಿನ ಮೇಸ್ತ್ರಿಗೆ ಕಳಿಸಿದ ವಾಟ್ಸ್ಆ್ಯಪ್ ಸಂದೇಶ, ಆಂಬುಲೆನ್ಸ್ ಅಥವಾ ಕ್ಯಾಶುವಲ್ಟಿ ಚೀಟಿಯ ಸಮಯ. ಕೆಲಸ ಮಾಡುತ್ತಿರುವಾಗ ಆದ ಅಪಘಾತವು ಕೆಲಸದ ಕಾರಣದಿಂದಲೇ ಆಯಿತೆಂದು, ಬೇರೆ ಪುರಾವೆ ಇಲ್ಲದಿದ್ದರೆ, ಭಾವಿಸಬೇಕು ಎನ್ನುವುದು ಸೆಕ್ಷನ್ 51ಎ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತವೂ 2010ರ ತಿದ್ದುಪಡಿಯ ನಂತರ ಇದರೊಳಗೆ ಬರುತ್ತದೆ, ಆದರೆ ಸಮಯ, ಜಾಗ, ಸಂದರ್ಭ ಕೆಲಸಕ್ಕೆ ಹೊಂದಿಕೊಳ್ಳಬೇಕು. ಪಾಳಿ ಬಿಟ್ಟ ಮೂರು ಗಂಟೆಯ ನಂತರ ಬೇರೆ ದಿಕ್ಕಿನ ರಸ್ತೆಯಲ್ಲಿ ಆದದ್ದಾದರೆ ಯಾಕೆ ಅಲ್ಲಿದ್ದಿರಿ ಎಂದು ವಿವರಿಸಲು ಸಿದ್ಧರಾಗಿರಿ. ಇನ್ನು ಕಂಪನಿ ವಂತಿಗೆ ಕಟ್ಟಿಲ್ಲ ಎಂಬುದು ನಿಮ್ಮ ಭತ್ಯೆ ನಿಲ್ಲಿಸಲು ಕಾರಣವಾಗಬಾರದು. ನಿಗಮ ನಿಮಗೆ ಕೊಟ್ಟು ಕಂಪನಿಯಿಂದ ವಸೂಲು ಮಾಡಿಕೊಳ್ಳಲು ಸೆಕ್ಷನ್ 68 ಇದೆ.

‘ಫಿಟ್’ ಎಂದು ಬರೆದುಬಿಟ್ಟರೆ

ನೋವು ಹಾಗೇ ಇದೆ, ಹಿಡಿತ ಬಂದಿಲ್ಲ, ಆದರೂ ಅಂತಿಮ ಪ್ರಮಾಣಪತ್ರ ಕೈಗಿಟ್ಟರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರಬೇಡಿ. ಅಂದೇ, ಇಲ್ಲವೇ ಮರುದಿನ, ಇಎಸ್‌ಐ ಆಸ್ಪತ್ರೆಯ ಮೂಳೆ ತಜ್ಞರಿಗೆ ರೆಫರ್ ಮಾಡಿ ಎಂದು ಬರೆದು ಕೊಡಿ. ಬರೆಯುವಾಗ ‘ತುಂಬ ನೋವು’ ಎಂಬ ಮಾತು ಸಾಲದು. ಬೆರಳು ಎಷ್ಟು ಮಡಚುತ್ತದೆ, ಎಷ್ಟು ಹೊತ್ತು ನಿಲ್ಲಲಾಗುತ್ತದೆ, ನಿಮ್ಮ ಕೆಲಸದಲ್ಲಿ ಎಷ್ಟು ಕೆಜಿ ಎತ್ತಬೇಕು ಎಂಬುದನ್ನು ಹೇಳಿ. ಕೂತು ಮಾಡುವ ಕೆಲಸಕ್ಕೆ ಯೋಗ್ಯನಾದವನು ಫೋರ್ಜಿಂಗ್ ಸುತ್ತಿಗೆಯ ಮುಂದೆ ನಿಲ್ಲಲು ಯೋಗ್ಯನಲ್ಲ. ಕೆಲಸಕ್ಕೆ ಮರಳಿದ ಮೇಲೆ ಅದೇ ಗಾಯ ಮರುಕಳಿಸಿದರೂ, ಅದು ಹಳೆಯ ಅಪಘಾತದ್ದೇ ಎಂದು ಡಾಕ್ಟರ್ ಬರೆದರೆ ಟಿಡಿಬಿ ಮತ್ತೆ ಶುರುವಾಗುತ್ತದೆ. ಆ ಸಾಲು ಚೀಟಿಯಲ್ಲಿ ಇದೆಯೇ ಎಂದು ನೋಡಿಕೊಂಡೇ ಹೊರಬನ್ನಿ.

ಗುಣವಾಗುವಷ್ಟು ಆಗಿ, ಶಾಶ್ವತವಾಗಿ ಏನಾದರೂ ಉಳಿದಿದ್ದರೆ ಮುಂದಿನದು ಮೆಡಿಕಲ್ ಬೋರ್ಡ್. ಗಳಿಕೆಯ ಶಕ್ತಿ ಶೇಕಡಾ ಎಷ್ಟು ಹೋಗಿದೆ ಎಂದು ಅದು ಹೇಳುತ್ತದೆ, ಅಷ್ಟು ಪಾಲು ಬದುಕಿರುವವರೆಗೂ ಬರುತ್ತದೆ. ಕಾಯಿದೆಯ ಎರಡನೇ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ 30%, ತೋರುಬೆರಳು ಪೂರ್ತಿ ಹೋದರೆ 14%. ₹540ರ ದರದವರಿಗೆ ತೋರುಬೆರಳಿಗೆ ದಿನಕ್ಕೆ ₹75.60. ಬೋರ್ಡಿಗೆ ಹೋಗುವಾಗ ಹಳೆಯ ಎಕ್ಸ್‌ರೇ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಫಿಸಿಯೋಥೆರಪಿ ದಾಖಲೆ ಎಲ್ಲ ಒಯ್ಯಿರಿ. ಪರೀಕ್ಷೆ ಕೆಲವೇ ನಿಮಿಷದ್ದು, ಮಾತಿಗಿಂತ ಫಿಲ್ಮು ಹೆಚ್ಚು ಹೇಳುತ್ತದೆ.

ಬೋರ್ಡ್ ಕೊಟ್ಟ ಪ್ರಮಾಣ ಕಡಿಮೆ ಅನಿಸಿದರೆ, ತೀರ್ಮಾನ ಕೈಸೇರಿದ 3 ತಿಂಗಳೊಳಗೆ ಮೆಡಿಕಲ್ ಅಪೀಲ್ ಟ್ರಿಬ್ಯೂನಲ್‌ಗೆ ಹೋಗಬಹುದು, ಅಲ್ಲಿಂದ ನೌಕರರ ವಿಮಾ ನ್ಯಾಯಾಲಯಕ್ಕೆ. ಟ್ರಿಬ್ಯೂನಲ್ ಬಿಟ್ಟು ನೇರವಾಗಿ ನ್ಯಾಯಾಲಯಕ್ಕೂ ಹೋಗಬಹುದು. ಇಲ್ಲಿ ಅನೇಕರು ಬೀಳುವ ಹಳ್ಳವೊಂದಿದೆ. ಸಣ್ಣ ಮೊತ್ತದ ಮಾಸಿಕ ಭತ್ಯೆಯನ್ನು ಒಟ್ಟಿಗೆ ಇಡುಗಂಟಾಗಿ ಪಡೆಯುವ ಅವಕಾಶವಿದೆ. ಆ ಅರ್ಜಿಗೆ ಸಹಿ ಹಾಕಿ ಹಣ ಪಡೆದುಬಿಟ್ಟರೆ ಬೋರ್ಡಿನ ತೀರ್ಮಾನದ ಮೇಲೆ ಅಪೀಲು ಇಲ್ಲ. ಪ್ರಮಾಣ ಒಪ್ಪಿಗೆಯಾಗದಿದ್ದರೆ ಇಡುಗಂಟಿನ ಫಾರಂ ಮುಟ್ಟಲೇಬೇಡಿ. ವರ್ಷಗಳ ನಂತರ ಗಾಯ ಅನಿರೀಕ್ಷಿತವಾಗಿ ಉಲ್ಬಣಿಸಿದರೆ ಮರುಪರಿಶೀಲನೆ ಕೇಳಬಹುದು. ಅದಕ್ಕೆ ಸಾಮಾನ್ಯವಾಗಿ 5 ವರ್ಷ ಕಳೆದಿರಬೇಕು, ತಾತ್ಕಾಲಿಕ ನಿರ್ಣಯವಾದರೆ 6 ತಿಂಗಳು. ಶಾಶ್ವತ ಭತ್ಯೆ ಪಡೆಯುವವರದು ಇದ್ದಕ್ಕಿದ್ದಂತೆ ನಿಂತರೆ ಮೊದಲು ಜೀವಂತ ಪ್ರಮಾಣಪತ್ರ, ಅಂದರೆ ಫಾರಂ 23, ಕೊಟ್ಟಿದ್ದೀರಾ ಎಂದು ನೋಡಿ.

ನೌಕರರ ವಿಮಾ ನ್ಯಾಯಾಲಯ

ಲಿಖಿತ ನಿರಾಕರಣೆ ಬಂದ ಮೇಲೆ, ಅಥವಾ ಕೇಳಿ ಕೇಳಿ ಉತ್ತರವೇ ಬಾರದಿದ್ದಾಗ, ಸೆಕ್ಷನ್ 75ರಡಿ ಅರ್ಜಿ. ಸಿವಿಲ್ ಕೋರ್ಟಿಗೆ ಈ ವಿಷಯದಲ್ಲಿ ಅಧಿಕಾರವಿಲ್ಲ. ವ್ಯಾಜ್ಯಕಾರಣ ಹುಟ್ಟಿದ ದಿನದಿಂದ 3 ವರ್ಷದೊಳಗೆ ಹಾಕಬೇಕು. ನಿಗಮ ಪ್ರತಿವಾದಿ. ಕಂಪನಿಯ ವರದಿಯೇ ವಿವಾದವಾದರೆ ಕಂಪನಿಯನ್ನೂ ಸೇರಿಸಿ, ಹಾಜರಿ ಪುಸ್ತಕ ತರಿಸುವಂತೆ ಕೇಳಬಹುದು. ಎಷ್ಟರಿಂದ ಎಷ್ಟರವರೆಗೆ, ದಿನಕ್ಕೆ ಎಷ್ಟು, ಒಟ್ಟು ಎಷ್ಟು ಎಂಬ ಕೋಷ್ಟಕ ಅರ್ಜಿಗೆ ಲಗತ್ತಾಗಿರಲಿ. ‘ಸೂಕ್ತ ಪರಿಹಾರ ಕೊಡಿಸಿ’ ಎಂದಷ್ಟೇ ಬರೆದರೆ ಆದೇಶವೂ ಅಷ್ಟೇ ಅಸ್ಪಷ್ಟವಾಗುತ್ತದೆ. ಅಂಗವಿಕಲತೆಯ ಪ್ರಮಾಣದ ಪ್ರಶ್ನೆಯಿದ್ದು ಬೋರ್ಡಿಗೆ ಹೋಗದೆ ಬಂದಿದ್ದರೆ, ನ್ಯಾಯಾಲಯ ಅದನ್ನು ಮೊದಲು ಬೋರ್ಡಿನಿಂದಲೇ ತೀರ್ಮಾನಿಸಿಕೊಂಡು ಬರಲು ಹೇಳುತ್ತದೆ. ಆ ಮೆಟ್ಟಿಲು ಹಾರುವುದರಿಂದ ಸಮಯ ಉಳಿಯುವುದಿಲ್ಲ. ಇಲ್ಲಿಯ ಆದೇಶದ ಮೇಲೆ, ಗಣನೀಯ ಕಾನೂನು ಪ್ರಶ್ನೆ ಇದ್ದರೆ ಮಾತ್ರ, 60 ದಿನದೊಳಗೆ ಹೈಕೋರ್ಟು.

ವಕೀಲರ ಖರ್ಚಿಗೆ ಹೆದರಿ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಸೆಕ್ಷನ್ 12 ಉಚಿತ ವಕೀಲರ ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರನ್ನು ಹೆಸರಿಸಿಯೇ ಹೇಳಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100.

ಸೆಕ್ಷನ್ ಸಂಖ್ಯೆಗಳ ಬಗ್ಗೆ ಒಂದು ಮಾತು. ಮೇಲೆಯೂ ಮುಂದೆಯೂ ಹೇಳಿದ ಇಎಸ್‌ಐ ಸೆಕ್ಷನ್‌ಗಳು 1948ರ ಇಎಸ್‌ಐ ಕಾಯಿದೆಯವು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದಕ್ಕೂ ಹಿಂದಿನ ಅಪಘಾತದಿಂದ ಹುಟ್ಟಿದ ಹಕ್ಕು ಅಳಿಯುವುದಿಲ್ಲ. ಆ ದಿನದ ನಂತರದ ಅಪಘಾತವಾದರೆ ಅರ್ಜಿಯಲ್ಲಿ ಸಂಹಿತೆಯ ಸೆಕ್ಷನ್‌ಗಳನ್ನೇ ಹಾಕಿಸಿ.

ಇಎಸ್‌ಐ ಇಲ್ಲದವರಿಗೆ

ಕಟ್ಟಡ ಕೆಲಸ, ಲಾರಿ, ಸಣ್ಣ ಗ್ಯಾರೇಜುಗಳಲ್ಲಿ ಇಎಸ್‌ಐ ಇಲ್ಲದೆ ದುಡಿಯುವವರಿಗೆ 1923ರ ನೌಕರರ ಪರಿಹಾರ ಕಾಯಿದೆಯ ದಾರಿ, ಹೊಸ ಅಪಘಾತಗಳಿಗೆ ಅದೇ ಸಂಹಿತೆಯ ಅಧ್ಯಾಯ. (ಇಎಸ್‌ಐ ಇದ್ದವರು ಅದೇ ಗಾಯಕ್ಕೆ ಮಾಲೀಕರ ಮೇಲೆ ಇಲ್ಲಿಗೆ ಬರಲಾಗದು, ಇಎಸ್‌ಐ ಕಾಯಿದೆಯ ಸೆಕ್ಷನ್ 53 ತಡೆಯುತ್ತದೆ.) ಹಳೆಯ ಕಾಯಿದೆಯಡಿ ತಾತ್ಕಾಲಿಕ ಅಶಕ್ತತೆಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ 25%, ಹೆಚ್ಚೆಂದರೆ 5 ವರ್ಷ. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ ₹15,000, ಅಂದರೆ ಕಂತಿಗೆ ₹3,750ರವರೆಗೆ. ಚಿಕಿತ್ಸೆಯ ಖರ್ಚು ಬೇರೆ.

ಮಾಲೀಕರು ಉಚಿತವಾಗಿ ವೈದ್ಯರಿಂದ ಪರೀಕ್ಷೆ ಮಾಡಿಸಲು ಮುಂದೆ ಬಂದಾಗ ನಿರಾಕರಿಸಿದರೆ, ಅಥವಾ ಪರೀಕ್ಷೆಯಾಗದೆ ಊರು ಬಿಟ್ಟರೆ, ಸೆಕ್ಷನ್ 11ರಡಿ ಕಂತು ಅಮಾನತಾಗುತ್ತದೆ. ಆ ಅವಧಿಯ ಹಣ ಮತ್ತೆ ಸಿಗುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಹೋಗಿ, ಹೋದದ್ದಕ್ಕೆ ಕಾಗದ ಇಟ್ಟುಕೊಳ್ಳಿ. ಹೋಗಲಾಗದ ಬಲವಾದ ಕಾರಣವಿದ್ದರೆ ಅಂದೇ ತಿಳಿಸಿ. ಅದು ಬಿಟ್ಟರೆ, ‘ಈಗ ಸರಿಯಾಗಿದ್ದೀಯ’ ಎಂದು ಮಾಲೀಕರು ತಾವೇ ಕಂತು ನಿಲ್ಲಿಸುವಂತಿಲ್ಲ. ವೈದ್ಯರ ಪ್ರಮಾಣಪತ್ರದೊಂದಿಗೆ, ಪರಿಹಾರದ ಪ್ರಕರಣಗಳನ್ನು ತೀರ್ಮಾನಿಸುವ ಆಯುಕ್ತರ ಮುಂದೆ ಪುನರ್ವಿಮರ್ಶೆ ಕೇಳಬೇಕಾದವರು ಅವರು. ಕರ್ನಾಟಕದಲ್ಲಿ ಬಹುತೇಕ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರೇ ಈ ಆಯುಕ್ತರು. ಕ್ಲೇಮಿಗೆ ಅಪಘಾತದಿಂದ 2 ವರ್ಷ. ಕೊಡಬೇಕಾದದ್ದನ್ನು ಒಂದು ತಿಂಗಳೊಳಗೆ ಕೊಡದಿದ್ದರೆ 12% ಬಡ್ಡಿ, ಸಮರ್ಥನೆಯಿಲ್ಲದ ವಿಳಂಬಕ್ಕೆ ಬಾಕಿಯ 50%ರವರೆಗೆ ದಂಡ. ಅರ್ಜಿಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಕೇಳಿ. ‘ಇಷ್ಟು ತಗೊಂಡು ಮುಂದೆ ಏನೂ ಕೇಳಲ್ಲ’ ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಂಡು ಹಕ್ಕು ಬಿಡಿಸುವ ಕರಾರಿಗೆ ಸೆಕ್ಷನ್ 17ರಡಿ ಬೆಲೆಯಿಲ್ಲ.

ಹಣದ ಜಗಳದ ನಡುವೆ ಕೆಲಸ ಹೋಗದಂತೆ

ಟಿಡಿಬಿ ಪಡೆಯುವಾಗ ಅಥವಾ ಪ್ರಮಾಣಪತ್ರದ ಮೇಲೆ ಗೈರುಹಾಜರಾಗಿರುವಾಗ, ನಿಯಮಾವಳಿ ಬಿಟ್ಟುಕೊಟ್ಟ ಸಂದರ್ಭಗಳನ್ನು ಹೊರತುಪಡಿಸಿ, ಕೆಲಸದಿಂದ ತೆಗೆಯುವುದಕ್ಕೂ ಶಿಕ್ಷಿಸುವುದಕ್ಕೂ ಇಎಸ್‌ಐ ಕಾಯಿದೆಯ ಸೆಕ್ಷನ್ 73ರ ತಡೆ ಇದೆ. ಆ ಅವಧಿಯಲ್ಲಿ ಕೊಟ್ಟ ವಜಾ ನೋಟಿಸಿಗೆ ಮಾನ್ಯತೆ ಇಲ್ಲ. ತೊಂದರೆ ಬರುವುದು ಭತ್ಯೆ ನಿಂತಾಗಲೇ. ‘ಇಎಸ್‌ಐಯವರೇ ಕೊಡುತ್ತಿಲ್ಲ, ಹಾಗಾಗಿ ನೀನು ಅನಧಿಕೃತ ಗೈರು’ ಎಂದು ಕಂಪನಿ ನೋಟಿಸು ಹೊರಡಿಸುತ್ತದೆ. ಅದಕ್ಕೇ ಪ್ರತಿ ವಾರದ ಪ್ರಮಾಣಪತ್ರದ ಫೋಟೊವನ್ನು ಅಂದೇ ಎಚ್‌ಆರ್‌ಗೆ ಇಮೇಲ್ ಮಾಡಿ, ವಾಟ್ಸ್ಆ್ಯಪ್ ಮಾಡಿ. ನೋಟಿಸು ಬಂದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ, ಪ್ರಮಾಣಪತ್ರಗಳ ಪ್ರತಿಗಳನ್ನೂ ಬ್ರಾಂಚ್ ಆಫೀಸಿನ ಸೀಲಿರುವ ನಿಮ್ಮ ಅರ್ಜಿಯನ್ನೂ ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಉತ್ತರ ಕಳಿಸಿ.